ಜ್ವರ ಎದ್ದ ಮೇಲೆ ಜಗಳವಿಲ್ಲ

ಕನ್ನಡದ ಸಾಂಸಾರಿಕ ಕಾದಂಬರಿಗೆ ಮೊದಲು ಮಳೆ ಬೇಕು. ಗಂಡ ಹೆಂಡತಿ ಮಾತು ಬಿಟ್ಟ ರಾತ್ರಿ ಹೊರಗೆ ಧೋ ಎಂದು ಸುರಿಯಬೇಕು, ನಾಯಕಿ ಕಿಟಕಿಯ ಸರಳು ಹಿಡಿದು ನಿಲ್ಲಬೇಕು, ನಾಯಕ ಆಚೆ ಕೋಣೆಯಲ್ಲಿ ಸಿಗರೇಟು ಹಚ್ಚಬೇಕು. ಮಳೆಯ ಜೊತೆಗೆ ಒಂದು ಕಾಫಿ ತೋಟ, ಒಂದಿಷ್ಟು ಮಂಜು, ಕೇಳಿಸಿಕೊಂಡರೂ ಕೇಳಿಸದವನಂತಿರುವ ಒಬ್ಬ ಅಡುಗೆಭಟ್ಟ. ಇಷ್ಟು ಒದಗಿದರೆ ಇನ್ನೂರು ಪುಟದವರೆಗೆ ಗಂಡ ಹೆಂಡಿರು ಒಬ್ಬರನ್ನೊಬ್ಬರು ತಪ್ಪು ತಿಳಿದುಕೊಂಡು ಹಾಯಾಗಿರಬಹುದು. ನಾನು ಬರೆಯಲು ಹೊರಟದ್ದೂ ಅಂಥದ್ದೇ: ಹಳಸಿದ ದಾಂಪತ್ಯ, ಅದರ ನಡುವೆ ಎಣಿಸದೆ ಬಂದ ತಾಯ್ತನ, ಕೊನೆಗೆ ಧಾರಾಳವಾಗಿ ಕಣ್ಣೀರು. ತೊಡಕು ಮೊದಲ ವಾಕ್ಯದಲ್ಲೇ ಬಂತು. ನಾನಿರುವುದು ಶಿಡ್ಲಘಟ್ಟದಲ್ಲಿ. ಇಲ್ಲಿ ಮಳೆ ಬಂದರೆ ನಾಯಕಿ ಕಿಟಕಿಯ ಹತ್ತಿರ ನಿಲ್ಲುವುದಿಲ್ಲ, ತಾರಸಿಯ ಮೇಲೆ ಒಣಗಲು ಹಾಕಿದ ಹುಣಸೆಹಣ್ಣು ಎತ್ತಲು ಓಡುತ್ತಾಳೆ. ನಾಯಕ ಬೀದಿಗಿಳಿದು, ಕೆರೆಗೆ ನೀರು ಬಂತಾ ಎಂದು ಕಂಡಕಂಡವರನ್ನೆಲ್ಲ ಕೇಳುತ್ತಾನೆ. ನಮ್ಮ ಕಡೆ ಮಳೆ ಬರುವುದೇ ಒಂದು ಸುದ್ದಿ. ಅದರೊಳಗೆ ವಿರಹಕ್ಕೂ ಜಾಗ ಕೊಡಿ ಎಂದರೆ ಯಾರು ಕೊಡುತ್ತಾರೆ?

ಈ ಬಗೆಯ ಕಾದಂಬರಿಗೆ ಕನ್ನಡದಲ್ಲಿ ದೊಡ್ಡ ಮನೆತನವೇ ಇದೆ. ವಾಣಿಯವರ ‘ಎರಡು ಕನಸು’ ಕಾದಂಬರಿಯ ಗಂಡ ಹಳೆಯ ಪ್ರೀತಿಯನ್ನು ಎದೆಯಲ್ಲಿಟ್ಟುಕೊಂಡು, ಕಟ್ಟಿಕೊಂಡವಳ ಮುಖ ನೋಡದೆ ದಿನ ದೂಡುತ್ತಾನೆ. 1974ರಲ್ಲಿ ಅದು ಸಿನಿಮಾ ಆದಾಗ ಆ ಗಂಡ ರಾಜ್‌ಕುಮಾರ್ ಆಗಿದ್ದರಿಂದ ನಮ್ಮೂರಿನ ಹೆಂಗಸರು ಅವನನ್ನು ಪೂರ್ತಿ ಬೈಯಲೂ ಆಗದೆ ಒದ್ದಾಡಿದರು. ಎಣಿಸದೆ ಬಂದ ತಾಯ್ತನ ಬೇಕಾದರೆ ತ್ರಿವೇಣಿಯವರ ‘ಬೆಳ್ಳಿಮೋಡ’ ಇದೆ. ತೋಟದ ಒಡೆಯರ ಒಬ್ಬಳೇ ಮಗಳು ಇಂದಿರೆಗೆ ಮದುವೆ ಗೊತ್ತಾಗಿದೆ, ಮಾವನಾಗುವವರ ದುಡ್ಡಿನಲ್ಲಿ ವರ ವಿದೇಶಕ್ಕೆ ಓದಲು ಹೋಗಿದ್ದಾನೆ. ಅಷ್ಟರಲ್ಲಿ ಅವಳ ತಾಯಿಗೇ ಆ ವಯಸ್ಸಿನಲ್ಲಿ ಗಂಡುಮಗು. ಆಸ್ತಿ ಕೈಬಿಟ್ಟಿತೆಂದು ವರ ಮೆಲ್ಲಗೆ ಹಿಂದೆಗೆಯುತ್ತಾನೆ. ಮಗು ಹುಟ್ಟಿದ್ದಕ್ಕೆ ಹೆತ್ತವರಿಗಿಂತ ಹೆಚ್ಚಾಗಿ ಬೆಚ್ಚಿದವನು ಅಳಿಯನಾಗಬೇಕಾದವನು! ಪುಟ್ಟಣ್ಣ ಕಣಗಾಲರು 1967ರಲ್ಲಿ ಇದನ್ನು ತೆರೆಗೆ ತಂದರು. 1971ರಲ್ಲಿ ‘ಶರಪಂಜರ’ವನ್ನೂ ತಂದರು. ಅಲ್ಲಿ ಬಾಣಂತಿಯ ಮನಸ್ಸು ಕದಡುತ್ತದೆ. ವಾಸಿಯಾಗಿ ಬಂದವಳನ್ನು ಅವಳ ಮನೆಯೇ ಮತ್ತೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಾಣಂತಿಯ ಮನಸ್ಸನ್ನು ಹಾಗೆ ಹೊಕ್ಕು ಬರೆದ ತ್ರಿವೇಣಿಯವರು 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅದರ ಬಗ್ಗೆ ತಮಾಷೆಯ ಮಾತು ನನ್ನಲ್ಲಿಲ್ಲ.

ಇಂಥ ಕಾದಂಬರಿಗಳನ್ನೇ ಬರೆದ ಸಾಯಿಸುತೆಯವರಂತೂ ಹುಟ್ಟಿದ್ದೇ ಕೋಲಾರದಲ್ಲಿ. 2007ರವರೆಗೆ ನಾವೂ ಕೋಲಾರ ಜಿಲ್ಲೆಯವರೇ, ಹಾಗಾಗಿ ಅವರು ನಮ್ಮವರು ಎಂದು ಹೇಳಿಕೊಳ್ಳುತ್ತಿದ್ದೆವು. ಆ ವರ್ಷ ಜಿಲ್ಲೆಗೇ ವಿಚ್ಛೇದನವಾಯಿತು. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ ಬೇರೆ ಮನೆ ಹೂಡಿದವು. ಆಸ್ತಿ ಪಾಲು ನೋಡಿ: ಚಿನ್ನ ಪೂರ್ತಿ ಕೋಲಾರಕ್ಕೆ. ಆದರೆ ಗಣಿ 2001ರಲ್ಲೇ ಮುಚ್ಚಿತ್ತು, ಅಂದರೆ ಖಾಲಿ ಪೆಟ್ಟಿಗೆಯ ಬೀಗದ ಕೈ ಅವರಿಗೆ ಸಿಕ್ಕಿತು. ನಂದಿಬೆಟ್ಟವೂ ಶಿಡ್ಲಘಟ್ಟದ ರೇಷ್ಮೆಯೂ ನಮಗೆ. ಹಾಲಿನ ಒಕ್ಕೂಟ ಮಾತ್ರ ಆಮೇಲೂ ಬಹಳ ಕಾಲ ಜಂಟಿಯಾಗಿಯೇ ನಡೆಯಿತು. ದೊಡ್ಡವರ ಜಗಳದಲ್ಲಿ ಮಕ್ಕಳ ಹಾಲಿಗೆ ತೊಂದರೆಯಾಗಬಾರದು ಎಂದು ಯಾರೋ ಹಿರಿಯರು ಹೇಳಿರಬೇಕು.

ನನ್ನ ಕಾದಂಬರಿಗೆ ಸಂಪಾದಕಿ ನನ್ನ ಮನೆಯಾಕೆ. ಅವಳು ರೇಷ್ಮೆಹುಳು ಸಾಕುವ ಮನೆಯಿಂದ ಬಂದವಳು, ಬಾಡಿಗೆ ಲೈಬ್ರರಿಯ ಕಾದಂಬರಿಗಳನ್ನು ಒಂದು ಸೊಪ್ಪಿಗೂ ಇನ್ನೊಂದು ಸೊಪ್ಪಿಗೂ ನಡುವೆ ಓದಿ ಮುಗಿಸಿದವಳು. ನಾಯಕ ಅಪಾರ್ಥ ಮಾಡಿಕೊಂಡು ಮನೆ ಬಿಟ್ಟು ಹೋಗುವ ಪುಟ ಬಂದರೆ, ‘ಇವನಿಗೆ ಕೆಲಸವಿಲ್ಲ’ ಎಂದು ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಯುತ್ತಿದ್ದಳಂತೆ. ಅವಳ ವಿಮರ್ಶೆಯ ಪದ್ಧತಿ ಇವತ್ತಿಗೂ ಬದಲಾಗಿಲ್ಲ.

ಮೊದಲ ಕರಡಿನಲ್ಲಿ ನಾಯಕನಿಗೆ ಗೌರಿಬಿದನೂರಿನಲ್ಲಿ ನೌಕರಿ ಕೊಟ್ಟೆ. ಅಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು 1965ರಿಂದ ಭೂಕಂಪನ ಅಳೆಯುತ್ತಿದ್ದಾರೆ. ಎಲ್ಲೋ ದೂರದ ದೇಶದವರು ನೆಲದೊಳಗೆ ಅಣುಬಾಂಬು ಸಿಡಿಸಿದರೂ ಇಲ್ಲಿಯ ಸೂಜಿ ಅಲ್ಲಾಡುತ್ತದೆ. ಅದೇ ತಾಲ್ಲೂಕಿನಲ್ಲಿ ಬಯಲು ತುಂಬ ಆಂಟೆನಾ ನೆಟ್ಟ ರೇಡಿಯೋ ದೂರದರ್ಶಕವೂ ಇದೆ, ಅದು ಸೂರ್ಯನಿಗೆ ಕಿವಿ ಕೊಟ್ಟು ಕೂತಿದೆ. ಒಂದು ಪಾತಾಳವನ್ನು ಕೇಳುತ್ತದೆ, ಇನ್ನೊಂದು ಆಕಾಶವನ್ನು. ಹೆಂಡತಿಯ ಮಾತು ಕಿವಿಗೆ ಬೀಳದ ಗಂಡನನ್ನು ಕೂರಿಸಲು ಇದಕ್ಕಿಂತ ಒಳ್ಳೆಯ ಊರು ಕರ್ನಾಟಕದಲ್ಲಿ ಎಲ್ಲಿದೆ? ಬಹಳ ಖುಷಿಯಿಂದ ಓದಿ ಹೇಳಿದೆ. ಅವಳು, ‘ಅವನಿಗೆ ಸಂಬಳ ಕೊಡ್ತಾರಲ್ಲ, ಅದಕ್ಕೇ ಕೇಳಿಸ್ಕೊಳ್ತಾನೆ’ ಎಂದಳು. ಅಧ್ಯಾಯ ಅಲ್ಲಿಗೆ ಮುಗಿಯಿತು.

ಮಗುವಿನ ವಿಷಯ ಇನ್ನೂ ಕಷ್ಟ. ಕಾದಂಬರಿಯಲ್ಲಿ ತಾಯ್ತನ ಅನಿರೀಕ್ಷಿತವಾಗಿರಬೇಕು. ನಮ್ಮ ಬೀದಿಯಲ್ಲಿ ಅನಿರೀಕ್ಷಿತವಾಗಿ ಮಗು ಹುಟ್ಟುವುದು ಹೇಗೆ? ಮದುವೆಯ ಚಪ್ಪರ ಬಿಚ್ಚುವ ಮೊದಲೇ ‘ಏನಮ್ಮಾ, ವಿಶೇಷ ಉಂಟಾ?’ ಶುರು. ಹೂ ಮಾರುವವಳು ಕೇಳುತ್ತಾಳೆ, ಬಸ್ಸಿನ ಪಕ್ಕದ ಸೀಟಿನವಳು ಕೇಳುತ್ತಾಳೆ. ವರ್ಷ ತಿರುಗಿದರೆ ಹಿರಿಯರು ವಿದುರಾಶ್ವತ್ಥಕ್ಕೆ ಹೊರಡಿಸುತ್ತಾರೆ. 1938ರ ಏಪ್ರಿಲಿನಲ್ಲಿ ಧ್ವಜ ಹಾರಿಸಲು ಸೇರಿದವರ ಮೇಲೆ ಗುಂಡು ಹಾರಿದ ಊರು ಅದು. ಇತಿಹಾಸದ ಪುಸ್ತಕಕ್ಕೆ ಅದು ದಕ್ಷಿಣದ ಜಲಿಯನ್‌ವಾಲಾಬಾಗ್. ನಮ್ಮ ಅತ್ತೆಯಂದಿರಿಗೆ ಅದು ನಾಗರಕಲ್ಲಿನ ಊರು. ಮಕ್ಕಳಾಗಲೆಂದು ಹರಸಿಕೊಂಡವರು ನಿಲ್ಲಿಸಿದ ಕಲ್ಲುಗಳು ದೇವಸ್ಥಾನದ ಆವರಣದಲ್ಲಿ ಸಾಲುಸಾಲಾಗಿ ಒಂದಕ್ಕೊಂದು ಒರಗಿ ನಿಂತಿವೆ. ನಡುವೆ ಕಾಲಿಡಲು ಜಾಗ ಹುಡುಕಬೇಕು. ಅಷ್ಟು ಕಲ್ಲು ಸಾಕ್ಷಿ ಇರುವಾಗ ನನ್ನ ನಾಯಕಿ ತಲೆ ಸುತ್ತಿ ಬಿದ್ದು, ಡಾಕ್ಟರು ಬಂದು ನಾಡಿ ಹಿಡಿದು ಮುಗುಳ್ನಕ್ಕರೆ ಓದುಗರು ಬೆಚ್ಚುವುದಿಲ್ಲ, ‘ಅಂತೂ ಆಯ್ತಲ್ಲ’ ಎನ್ನುತ್ತಾರೆ.

ನಾಯಕನನ್ನು ವಿರಾಗಿ ಮಾಡಿ ನಂದಿಗೆ ಕಳಿಸಿದೆ. ಸ್ಥಳ ಚೆನ್ನಾಗಿ ಹೊಂದುತ್ತದೆ: ಬೆಟ್ಟದ ಬುಡದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ, ಪಕ್ಕದಲ್ಲೇ ಉಮಾಮಹೇಶ್ವರನ ಕಲ್ಯಾಣ ಮಂಟಪ, ತುದಿಯಲ್ಲಿ ಯೋಗನಂದೀಶ್ವರ. ಕೆಳಗೆ ಸಂಸಾರ, ಮೇಲೆ ಸನ್ಯಾಸ, ನಡುವೆ ತಿರುವುಗಳು. ಆದರೆ ಶನಿವಾರ ಭಾನುವಾರ ಆ ತಿರುವುಗಳಲ್ಲಿ ಬೆಂಗಳೂರಿನ ಬೈಕುಗಳು ಸೂರ್ಯೋದಯಕ್ಕೆ ಮೊದಲೇ ಸಾಲುಗಟ್ಟಿರುತ್ತವೆ. ಸಮುದ್ರಮಟ್ಟದಿಂದ 1,478 ಮೀಟರು ಎತ್ತರದ ತುದಿ ಹತ್ತಿದ ವಿರಾಗಿಯ ಕೈಗೆ ಪ್ರೇಮಿಗಳು ಮೊಬೈಲು ಕೊಟ್ಟು, ‘ಅಂಕಲ್, ಒಂದು ಫೋಟೋ’ ಎನ್ನುತ್ತಾರೆ. ಸಂಜೆಯಾದರೆ ಗೇಟು ಹಾಕುವ ಹೊತ್ತಾಯಿತೆಂದು ಯೋಗಿಯನ್ನೂ ಭೋಗಿಯನ್ನೂ ಒಟ್ಟಿಗೇ ಇಳಿಸುತ್ತಾರೆ. ಆಮೇಲೆ ಅವನನ್ನು ಚಿಂತಾಮಣಿ ತಾಲ್ಲೂಕಿನ ಕೈವಾರಕ್ಕೆ ಕಳಿಸಿದೆ, ಅದು ಇನ್ನೂ ಹತ್ತಿರ. ಬಳೆ ಮಾರುತ್ತಿದ್ದ ನಾರೇಯಣಪ್ಪ ಸಂಸಾರ ಬಿಟ್ಟು ತಪಸ್ಸಿಗೆ ಕೂತು ತಾತಯ್ಯನಾದರು, ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ನಮ್ಮ ಕಡೆ ಇವತ್ತಿಗೂ ಬಹಳ ಮನೆಗಳಲ್ಲಿ ಹಾಗೆಯೇ: ಒಲೆಯ ಮುಂದೆ ತೆಲುಗು, ಪೇಪರು ಓದುವುದು ಕನ್ನಡ. ಗಂಡ ಹೆಂಡತಿ ತೆಲುಗಿನಲ್ಲಿ ಜಗಳ ಶುರುಮಾಡಿ, ಸಿಟ್ಟು ನೆತ್ತಿಗೇರಿದಾಗ ಕನ್ನಡಕ್ಕೆ ಬಂದು, ಅದೂ ಸಾಲದಾದರೆ ಸುಮ್ಮನಾಗುತ್ತಾರೆ. ‘ತಾತಯ್ಯ ಹೋದವರು ತಪಸ್ಸು ಮಾಡಿದ್ರು. ನಿಮ್ಮ ಹೀರೋ ಮಠದ ಊಟ ಮಾಡ್ಕೊಂಡು ರಾತ್ರಿ ಬಸ್ಸಿಗೆ ವಾಪಸ್ ಬರ್ತಾನೆ’ ಎಂದು ಸಂಪಾದಕಿ ಆ ಪುಟಗಳನ್ನೂ ತೆಗೆದಳು.

‘ಮತ್ತೆ ಇವರಿಬ್ಬರನ್ನ ಏನು ಮಾಡಲಿ?’ ಎಂದೆ.

‘ಮಗು ಯಾಕೆ? ನೂರು ಮೊಟ್ಟೆ ಕೊಡಿ’ ಎಂದಳು.

ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಒಂದು ಚಿಟ್ಟೆ ಒಮ್ಮೆಗೆ ಇಟ್ಟ ಮೊಟ್ಟೆಗಳ ಗುಂಪಿಗೆ ರೈತರು ‘ಒಂದು ಮೊಟ್ಟೆ’ ಎನ್ನುತ್ತಾರೆ. ಅದರಲ್ಲಿ ನಾನ್ನೂರೈವತ್ತು ಆಚೀಚೆ ಇರುತ್ತವೆ. ನೂರು ಮೊಟ್ಟೆ ಎಂದರೆ ನಲವತ್ತು ಐವತ್ತು ಸಾವಿರ ಹುಳು. ಕಥೆ ಆ ಕ್ಷಣದಲ್ಲೇ ತಿರುಗಿಕೊಂಡಿತು. ನಾಯಕಿ ತವರಿಗೆ ಹೊರಡಲು ಬ್ಯಾಗು ಕಟ್ಟಿ ನಿಂತಿದ್ದಾಳೆ. ಅದೇ ಬೆಳಿಗ್ಗೆ, ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದ ಗಾಡಿ ಬಾಗಿಲಿಗೆ ಬರುತ್ತದೆ. ಗಂಡ ಅವಳಿಗೆ ಒಂದು ಮಾತೂ ಹೇಳದೆ ನೂರು ಮೊಟ್ಟೆಗೆ ಮುಂಗಡ ಕೊಟ್ಟಿದ್ದ. ನಲವತ್ತೈದು ಸಾವಿರ ಮಕ್ಕಳು, ಹಸಿದಿವೆ, ಎರಡು ಜ್ವರ ಕಳೆದು ಬಂದಿವೆ. ಇದಕ್ಕಿಂತ ಅನಿರೀಕ್ಷಿತ ತಾಯ್ತನ ತ್ರಿವೇಣಿಯವರಿಗೂ ಹೊಳೆದಿರಲಿಲ್ಲ.

ಜ್ವರ ಎಂದರೆ ಹುಳು ಪೊರೆ ಬಿಡುವ ಹೊತ್ತು. ಆಗ ಅದು ತಿನ್ನುವುದಿಲ್ಲ, ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ, ಸುಮಾರು ಒಂದು ದಿನ. ಹುಟ್ಟಿದಾಗಿನಿಂದ ಗೂಡು ಕಟ್ಟುವವರೆಗೆ ನಾಲ್ಕು ಜ್ವರ. ಮೊದಲೆರಡನ್ನು ಚಾಕಿಯವರೇ ಕಳೆದು ಕೊಡುತ್ತಾರೆ, ಮನೆಯಲ್ಲಿ ಆಗುವುದು ಮೂರನೆಯದು, ನಾಲ್ಕನೆಯದು. ಅಂದರೆ ಹುಳು ಮನೆಯ ದಂಪತಿಗೆ ಜಗಳವಾಡಲು ಒಂದು ಬೆಳೆಗೆ ಸಿಗುವುದು ಎರಡೇ ದಿನ. ಉಳಿದ ದಿನ ಸೊಪ್ಪು ಕೊಯ್ಯಬೇಕು, ಹಾಕಬೇಕು, ಕಸ ತೆಗೆಯಬೇಕು. ಕಾಫಿ ತೋಟದ ನಾಯಕಿಗೆ ಇದೆಲ್ಲ ಎಲ್ಲಿ ಗೊತ್ತು? ತೋಟವನ್ನು ರೈಟರು ನೋಡಿಕೊಳ್ಳುತ್ತಾನೆ, ಇವಳು ಮುನಿಸಿಕೊಂಡಿರುತ್ತಾಳೆ. ಮುನಿಸಿಗೂ ಒಬ್ಬ ಆಳಿರಬೇಕು.

ಹುಳು ಮನೆಯಿಂದ ಕಾದಂಬರಿಗೆ ಇನ್ನೊಂದು ಉಪಕಾರವಾಯಿತು. ಅಲ್ಲಿಗೆ ಹೊರಗಿನವರನ್ನು ಬಿಡುವುದಿಲ್ಲ. ರೋಗ ತಂದಾರು ಎಂಬುದು ಇಲಾಖೆಯ ಮಾತು, ಕಣ್ಣು ಬಿದ್ದೀತು ಎಂಬುದು ಅಜ್ಜಿಯ ಮಾತು. ಒಳಗೆ ಹೋಗುವವರು ಕೈಕಾಲು ತೊಳೆದು ಹೋಗಬೇಕು, ಘಾಟು ವಾಸನೆ ಸುಳಿಯಬಾರದು. ಹೀಗಾಗಿ ಚಾಡಿ ಹೇಳುವ ಪಕ್ಕದ ಮನೆಯವಳು ಅಂಗಳದಲ್ಲೇ ಉಳಿದಳು. ಗಂಡನ ಹಳೆಯ ಸ್ನೇಹಿತೆ, ಸೆಂಟು ಪೂಸಿಕೊಂಡು ಹನ್ನೊಂದನೇ ಅಧ್ಯಾಯಕ್ಕೆ ಬರಬೇಕಾದವಳು, ಹೊಸ್ತಿಲು ದಾಟಲಾರದೆ ಕಾದಂಬರಿಯಿಂದಲೇ ಹೊರಟುಹೋದಳು.

ನಾಲ್ಕನೇ ಜ್ವರದ ದಿನಕ್ಕೆ ದೊಡ್ಡ ಜಗಳ ಇಟ್ಟೆ. ಹಳೆಯದೆಲ್ಲ ಎತ್ತಿ ಆಡಿ, ಇಬ್ಬರೂ ಎರಡು ಮೂಲೆ ಸೇರಿ, ರಾತ್ರಿಯಾಯಿತು. ಬೆಳಗಿನ ಜಾವ ನಾಯಕಿ ಟಾರ್ಚು ಹಿಡಿದು ತಟ್ಟೆಯ ಮೇಲೆ ಬಗ್ಗುತ್ತಾಳೆ. ಹಳೆಯ ಪೊರೆ ಕಳಚಿ, ಮುಖ ದೊಡ್ಡದಾಗಿ, ಹುಳು ಸೊಪ್ಪು ಹುಡುಕುತ್ತ ತಲೆ ಆಡಿಸುತ್ತಿವೆ. ಅವಳು ಗಂಡನಿಗೆ ಹೇಳುತ್ತಾಳೆ: ‘ಜ್ವರ ಎದ್ದಿವೆ. ಸೊಪ್ಪು.’ ದಾಂಪತ್ಯದಲ್ಲಿ ಮಾತು ಮರಳಿದ್ದು ಹೀಗೆ. ನಾನು ಅದಕ್ಕೆ ಎರಡು ಪುಟದ ಪಶ್ಚಾತ್ತಾಪದ ಭಾಷಣ ಸೇರಿಸಿದ್ದೆ, ಗಂಡನ ಬಾಯಲ್ಲಿ. ಸಂಪಾದಕಿ ಹೊಡೆದು ಹಾಕಿದಳು. ‘ಅಷ್ಟು ಹೊತ್ತು ನಿಂತು ಮಾತಾಡಿದ್ರೆ ಸೊಪ್ಪು ಬಾಡುತ್ತೆ. ರಾತ್ರಿ ಹನ್ನೊಂದರ ಸೊಪ್ಪು ಅವನೇ ಹಾಕಿ ಅವಳನ್ನ ಮಲಗೋಕೆ ಬಿಟ್ಟ ಅಂತ ಬರೀರಿ, ಸಾಕು.’

ಅಲ್ಲಿಂದ ಒಂದು ವಾರ ಐದನೇ ಹಂತ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚನ್ನು ಈ ಒಂದೇ ವಾರದಲ್ಲಿ ತಿಂದು ಮುಗಿಸುತ್ತದೆ. ಬಕಾಸುರ ಇದ್ದದ್ದು ಕೈವಾರದಲ್ಲೇ ಎಂಬ ಸ್ಥಳಪುರಾಣದ ಬಗ್ಗೆ ನನಗೆ ಅನುಮಾನ ಉಳಿದಿಲ್ಲ. ಆ ರಾತ್ರಿಗಳಲ್ಲಿ ಹುಳು ಮನೆಯ ಬಾಗಿಲಲ್ಲಿ ನಿಂತರೆ ಹೆಂಚಿನ ಮೇಲೆ ಮಳೆ ಹಿಡಿದಂತೆ ಸದ್ದು, ನಲವತ್ತೈದು ಸಾವಿರ ಬಾಯಿ ಒಟ್ಟಿಗೆ ಸೊಪ್ಪು ತಿನ್ನುವ ಸದ್ದು. ಕಾದಂಬರಿಗೆ ಬೇಕಾಗಿದ್ದ ಮಳೆ ಅಂತೂ ಸಿಕ್ಕಿತು, ಅದೂ ನಾಯಕ ನಾಯಕಿ ಇಬ್ಬರೂ ಕಣ್ಣು ಮುಚ್ಚಲೂ ಬಿಡುವಿಲ್ಲದ ಹೊತ್ತಿನಲ್ಲಿ. ಆಮೇಲೆ ಅವಳು ಒಂದು ಹುಳುವನ್ನು ಬೆರಳ ತುದಿಯಲ್ಲೆತ್ತಿ ಬಲ್ಬಿಗೆ ಹಿಡಿಯುತ್ತಾಳೆ. ಮೈ ಬೆಳಕು ಬಿಟ್ಟುಕೊಟ್ಟರೆ ಹಣ್ಣಾಗಿದೆ ಎಂದರ್ಥ. ಹುಳು ಗೂಡು ಕಟ್ಟಲು ಬೇಕಾದ ಚಂದ್ರಂಕಿಯನ್ನು ಪಕ್ಕದ ಹಳ್ಳಿಯಿಂದ ತರಲು ಗಂಡ ಓಡುತ್ತಾನೆ.

ನನಗೊಂದು ಅಳುಕಿತ್ತು. ಸಾಕಿದ ಮಕ್ಕಳನ್ನೆಲ್ಲ ಕೊನೆಗೆ ಬಿಸಿನೀರಿನ ಬಾಣಲೆಗೆ ಕಳಿಸುವ ತಾಯಿಯನ್ನು ಓದುಗರು ಒಪ್ಪುತ್ತಾರೆಯೇ? ಕೇಳಿದೆ. ‘ಓದೋರು ಅಳಬೇಕು ಅಂದ್ರಲ್ಲ?’ ಎಂದಳು, ಅವರೆಕಾಯಿ ಸುಲಿಯುತ್ತ.

ಕೊನೆಯ ಅಧ್ಯಾಯ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ. ರಾಮನಗರ ಬಿಟ್ಟರೆ ರಾಜ್ಯದಲ್ಲಿ ಇದರದೇ ಹೆಸರು. ನೂಲು ಬಿಚ್ಚುವವರು ಲಾಟಿನಿಂದ ಲಾಟಿಗೆ ನಡೆದು, ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಮೊಬೈಲಿನಲ್ಲಿ ಬಿಡ್ಡು ಒತ್ತುತ್ತಾರೆ. ಬೆಲೆ ಹಿಡಿಸದಿದ್ದರೆ ಒಲ್ಲೆ ಎನ್ನುವ ಹಕ್ಕು ರೈತನಿಗಿದೆ. ಒಪ್ಪೋಣ ಎನ್ನುತ್ತಾನೆ ಗಂಡ, ಬೇಡ ಎನ್ನುತ್ತಾಳೆ ಹೆಂಡತಿ. ಹಾಗೆ ವಾದಿಸುತ್ತಲೇ ಅವರಿಗೆ ತಾವು ಮತ್ತೆ ಸಂಸಾರಸ್ಥರಾದದ್ದು ಗೊತ್ತಾಗುತ್ತದೆ. ಸುಖಾಂತಕ್ಕೆ ಮೆರುಗಿರಲಿ ಎಂದು ಬೇಕೆಂದೇ ಇಳುವರಿಯನ್ನೂ ಕೊಂಚ ಏರಿಸಿದ್ದೆ. ಅವಳು ಆ ಅಧ್ಯಾಯವನ್ನು ಎರಡು ಸಲ ಓದಿದಳು. ಕಣ್ಣೀರು, ಕೈ ಹಿಡಿದದ್ದು, ಸಂಜೆಯ ಬಸ್ಸಿನಲ್ಲಿ ಭುಜಕ್ಕೊರಗಿದ್ದು, ಯಾವುದಕ್ಕೂ ಪೆನ್ಸಿಲು ತಾಗಿಸಲಿಲ್ಲ.

‘ನೂರು ಮೊಟ್ಟೆಗೆ ನೂರಿಪ್ಪತ್ತು ಕೆಜಿ ಗೂಡು ಅಂತ ಬರೆದಿದೀರ’ ಎಂದಳು. ‘ಪ್ರೀತಿ ಎಷ್ಟು ಬೇಕಾದ್ರೂ ಬರ್ಕೊಳ್ಳಿ. ಇದನ್ನ ಎಪ್ಪತ್ತಕ್ಕೆ ಇಳಿಸಿ.’