ಪರದೆಯಲ್ಲಿ ಮಾತ್ರ ತಂಪು

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿರುವ ನಮ್ಮ ಆಫೀಸು ‘ಸ್ಮಾರ್ಟ್’ ಕಟ್ಟಡ. ಅಂದರೆ, ಕಿಟಕಿ ತೆಗೆಯಲು ಬರುವುದಿಲ್ಲ. ಏಪ್ರಿಲ್‌ನ ಒಂದು ಮಧ್ಯಾಹ್ನ ನಾಲ್ಕನೇ ಮಹಡಿಯವರೆಲ್ಲ ಬೆವರು ಒರೆಸಿಕೊಳ್ಳುತ್ತ ಫೆಸಿಲಿಟಿಯವರಿಗೆ ಫೋನ್ ಹಚ್ಚಿದೆವು.

‘ಇಲ್ಲ ಸಾರ್, ನಿಮ್ಮಲ್ಲಿ 24 ಡಿಗ್ರಿ ಇದೆ. ಸಿಸ್ಟಂನಲ್ಲೇ ನೋಡ್ತಾ ಇದೀನಿ.’

ಪಕ್ಕದ ಮೇಜಿನವರು ಮನೆಯಿಂದ ತಂದಿಟ್ಟಿದ್ದ ಥರ್ಮಾಮೀಟರ್ 31 ತೋರಿಸುತ್ತಿತ್ತು. ಅದಕ್ಕೆ ನೆಟ್‌ವರ್ಕ್ ಇಲ್ಲವಲ್ಲ, ಅದರ ಮಾತು ಯಾರು ಕೇಳುತ್ತಾರೆ?

ಮೂರು ದಿನ ಹಗಲೂ 24.0, ರಾತ್ರಿಯೂ 24.0. ಸೆನ್ಸರ್ ಮೌನವ್ರತ ಹಿಡಿದಿತ್ತು. ಅದು ಕೊನೆಗೆ ಹೇಳಿದ್ದನ್ನೇ ಕಂಪ್ಯೂಟರ್ ಜಪಿಸುತ್ತಿತ್ತು. ಅಂಕಿಯ ಬಣ್ಣ ಮಾತ್ರ ಬೂದಿಗೆ ತಿರುಗಿತ್ತು. ಬೂದಿ ಬಣ್ಣವೆಂದರೆ ಸಂಪರ್ಕ ಕಡಿದಿದೆ ಎಂದು ತರಬೇತಿ ಪಡೆದಿದ್ದ ಹುಡುಗ ಕೆಲಸ ಬಿಟ್ಟು ಆರು ತಿಂಗಳಾಗಿತ್ತು. ಏಸಿಯ ತಣ್ಣೀರಿನ ವಾಲ್ವಿಗೂ ನೆಮ್ಮದಿ: ಕೇಳಿದ್ದು 24, ಇರುವುದೂ 24. ಮುಚ್ಚಿಕೊಂಡು ಕೂತಿತ್ತು.

ಸಭೆ ಸೇರಿತು. ಸೆನ್ಸರ್ ಕೊಟ್ಟವರು ಕೇಬಲ್ ಕಡೆ ಬೆರಳು ತೋರಿಸಿದರು, ಕೇಬಲ್ ಎಳೆದವರು ಐಟಿಯವರ ಕಡೆ. ‘ಅದು ನಮ್ಮ ನೆಟ್‌ವರ್ಕೇ ಅಲ್ಲ’ ಎಂದು ಐಟಿಯವರು ಲ್ಯಾಪ್‌ಟಾಪ್ ಮಡಚಿದರು. ಅವರ ಮಾತು ನಿಜವೇ. ಈ ಸೆನ್ಸರುಗಳ ಹರಟೆ ನಡೆಯುವುದು 1983ರ ಆರ್‌ಎಸ್-485 ಎಂಬ ಎರಡೆಳೆಯ ತಂತಿಯ ಮೇಲೆ, 1995ರಲ್ಲಿ ಮಾನದಂಡವಾದ ಬ್ಯಾಕ್‌ನೆಟ್ ಭಾಷೆಯಲ್ಲಿ. ಒಂದು ಟೋಕನ್ ಸುತ್ತುತ್ತಿರುತ್ತದೆ, ಸಭೆಯ ಮೈಕಿನಂತೆ. ಕೈಗೆ ಬಂದಾಗ ಮಾತಾಡಬೇಕು, ಮುಗಿಸಿ ಮುಂದಿನ ನಂಬರಿನವರಿಗೆ ದಾಟಿಸಬೇಕು. ನಮ್ಮ ವೇದಿಕೆಗಳಲ್ಲಿ ಇಂಥ ಶಿಸ್ತು ಕಂಡವರುಂಟೇ?

ನಾಲ್ಕನೇ ದಿನ ಹಳೆಯ ಎಲೆಕ್ಟ್ರಿಷಿಯನ್ ಒಬ್ಬರು ಏಣಿ ಹೊತ್ತು ಬಂದರು. ಫಾಲ್ಸ್ ಸೀಲಿಂಗ್ ಸರಿಸಿ, ಕರೆಂಟ್ ತೆಗೆದು, ಎರಡು ಎಳೆಗಳ ನಡುವೆ ಮಲ್ಟಿಮೀಟರ್ ಹಿಡಿದರು. 60 ಓಮ್. ‘ತುದಿಗೊಂದು ರೆಸಿಸ್ಟರ್ ಸರಿಯಾಗಿದೆ ಸಾರ್. 120 ಬಂದಿದ್ರೆ ಒಂದು ಹೋಗಿದೆ ಅಂತ. 40 ಬಂದಿದ್ರೆ ಯಾರೋ ಪುಣ್ಯಾತ್ಮ, ಇರಲಿ ಅಂತ ಮೂರನೇದು ಹಾಕಿದಾನೆ ಅಂತ.’ ಆಮೇಲೆ ಲೈನನ್ನು ನಡುವೆ ಬಿಡಿಸಿ ಕರೆಂಟ್ ಮತ್ತೆ ಕೊಟ್ಟರು. ಆ ಕಡೆಯ ಅರ್ಧಕ್ಕೆ ಜೀವ ಬಂತು. ಸತ್ತ ಅರ್ಧವನ್ನು ಮತ್ತೆ ಅರ್ಧ ಮಾಡಿದರು. ಹೀಗೇ ಬಂದು ನಿಂತದ್ದು ಅದೇ ವಾರ ಪ್ಲೈವುಡ್ ಅಡ್ಡಗೋಡೆ ಎಬ್ಬಿಸಿ ಮಾಡಿದ್ದ ಹೊಸ ಮೀಟಿಂಗ್ ರೂಮಿಗೆ. ಅಲ್ಲಿ ಕೂರಿಸಿದ್ದ ಹೊಸ ಸೆನ್ಸರಿನ ವಿಳಾಸ 12. ನಮ್ಮದೂ 12. ‘ಹನ್ನೆರಡನೆಯವರು ಮಾತಾಡಿ’ ಎಂದಾಗಲೆಲ್ಲ ಇಬ್ಬರೂ ಎದ್ದು ಒಟ್ಟಿಗೇ ಅರಚುತ್ತಿದ್ದರು. ಗದ್ದಲಕ್ಕೆ ಇಡೀ ಸಾಲು ಮೂಕವಾಗಿತ್ತು.

ಅಂದಹಾಗೆ, ಮೊನ್ನೆ ಸಭೆ ನಡೆದದ್ದೂ ಆ ರೂಮಿನಲ್ಲೇ. ಸೆನ್ಸರ್ ಇದ್ದದ್ದು ಅಧ್ಯಕ್ಷರ ತಲೆಯ ಮೇಲೆ.

ಎಲೆಕ್ಟ್ರಿಷಿಯನ್ ಎರಡು ಪುಟ್ಟ ಸ್ವಿಚ್ ಸರಿಸಿ 12 ಅನ್ನು 29 ಮಾಡಿದರು. ಆ ನಂಬರನ್ನು ಬಾಲ್‌ಪೆನ್ನಿನಲ್ಲಿ ಸೀಲಿಂಗ್ ಹಲಗೆಯ ಹಿಂದೆ ಬರೆದರು. ಬರೆದಿಡಲು ಬೇರೆ ಪಟ್ಟಿ ಯಾರ ಬಳಿಯೂ ಇರಲಿಲ್ಲ. ಸಂಜೆ ಎಲ್ಲರಿಗೂ ಇಮೇಲ್ ಬಂತು: ‘ಸಾಫ್ಟ್‌ವೇರ್ ಅಪ್‌ಡೇಟ್ ಮೂಲಕ ಸಮಸ್ಯೆ ಪರಿಹರಿಸಲಾಗಿದೆ.’

ನಿಮ್ಮ ಆಫೀಸಿನ ಪರದೆಯಲ್ಲೂ ಅಂಕಿ ದಿನವಿಡೀ ಒಂದು ಪಾಯಿಂಟೂ ಅಲುಗದಿದ್ದರೆ ಫೋನ್ ಮಾಡುತ್ತ ಕೂರಬೇಡಿ. ಏಣಿ ಎಲ್ಲಿದೆ ಕೇಳಿ.