ತಾರಾ ಆಟಗಾರರನ್ನು ಮನೆಯಲ್ಲೇ ಕುಳಿತು ಮಾರುವ ವಿಧಾನ: ಬಳಕೆದಾರರ ಕೈಪಿಡಿ

ಎನ್‌ಬಿಎ ಅಭಿಮಾನಿಗಳ ವಾದಯಂತ್ರವನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದ. ಬಳಸುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ. ಓದದೆಯೂ ಬಳಸಬಹುದು, ಹೆಚ್ಚಿನವರು ಹಾಗೇ ಬಳಸುತ್ತಾರೆ.

ಯಂತ್ರದ ಪರಿಚಯ

ಈ ಯಂತ್ರದಿಂದ ಎರಡು ಕೆಲಸ ಆಗುತ್ತವೆ. ಒಂದು, ಯಾವ ಆಟಗಾರ ಯಾರಿಗಿಂತ ದೊಡ್ಡವನು ಎಂದು ತೀರ್ಪು ಕೊಡುವುದು. ಎರಡು, ನಿಮ್ಮದಲ್ಲದ ಆಟಗಾರನನ್ನು ನಿಮ್ಮದಲ್ಲದ ದುಡ್ಡು ಕೊಟ್ಟು, ನಿಮ್ಮದೆಂದು ನೀವು ನಂಬಿಕೊಂಡಿರುವ ತಂಡಕ್ಕೆ ಕರೆತರುವುದು.

ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಒಂದು ಸೂಚನೆ: ಅಮೆರಿಕದ ಈ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ಹರಾಜಿಲ್ಲ. ಟ್ರೇಡ್ ಎಂದರೆ, ಒಪ್ಪಂದದಲ್ಲಿರುವ ಆಟಗಾರನನ್ನು ಇನ್ನೊಂದು ತಂಡಕ್ಕೆ ದಾಟಿಸಿ, ಬದಲಿಗೆ ಅಲ್ಲಿಂದ ಬೇರೆ ಆಟಗಾರರನ್ನೋ, ಮುಂದಿನ ವರ್ಷಗಳಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿಗಳನ್ನೋ ಪಡೆಯುವುದು. ಈ ಆಯ್ಕೆಗೆ ಡ್ರಾಫ್ಟ್, ಸರದಿಗೆ ಪಿಕ್ ಎನ್ನುತ್ತಾರೆ. ದಾಟಿಹೋಗುವವನ ಒಪ್ಪಿಗೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ತನ್ನನ್ನು ಟ್ರೇಡ್ ಮಾಡಕೂಡದೆಂದು ಒಪ್ಪಂದದಲ್ಲೇ ಬರೆಸಿಕೊಳ್ಳುವ ಭಾಗ್ಯ ಲೆಬ್ರಾನ್ ಜೇಮ್ಸ್‌ರಂಥ ಬೆರಳೆಣಿಕೆಯವರಿಗೆ ಮಾತ್ರ.

ಯಂತ್ರ ಅತಿ ಹೆಚ್ಚು ಬಿಸಿಯಾಗುವುದು ಫೆಬ್ರುವರಿಯಲ್ಲಿ, ಟ್ರೇಡ್ ಗಡುವಿನ ದಿನ. ಗಡುವು ನ್ಯೂಯಾರ್ಕ್ ಸಮಯದಲ್ಲಿ ಮಧ್ಯಾಹ್ನ 3 ಗಂಟೆಗೆ. ಬೆಂಗಳೂರಿನಲ್ಲಿ ಬಳಸುವವರು ರಾತ್ರಿ ಒಂದೂವರೆಯವರೆಗೆ ಎಚ್ಚರವಿರಬೇಕು.

ಪೆಟ್ಟಿಗೆಯಲ್ಲಿ ಏನೇನಿದೆ

- ಅಳತೆಪಟ್ಟಿ, ರಬ್ಬರಿನದು: 1
- ಮುಂದಿನ ವರ್ಷಗಳ ಪಿಕ್‌ಗಳು: ಬೇಕಾದಷ್ಟು
- ನಿಮ್ಮ ತಂಡಕ್ಕೆ ಬೇಡವಾದ ಆಟಗಾರರು: 2 ಅಥವಾ 3 (‘ಎದುರು ತಂಡಕ್ಕೆ ಬಹಳ ಉಪಯುಕ್ತ’ ಎಂಬ ಚೀಟಿ ಅಂಟಿಸಿದೆ, ಕೀಳಬೇಡಿ)
- ಸಂಬಳದ ಲೆಕ್ಕ ಹಾಕುವ ಕ್ಯಾಲ್ಕ್ಯುಲೇಟರ್: 1
- ಸಂಕೋಚ: ಪೆಟ್ಟಿಗೆಯಲ್ಲಿಲ್ಲ

ಹಂತ 1: ತಾರೆಯನ್ನು ಅಳೆಯುವುದು

ಮೊದಲು ನಿಮ್ಮ ಮೆಚ್ಚಿನ ಆಟಗಾರನನ್ನು ಆರಿಸಿ. ಆಮೇಲೆ ಅವನು ಗೆಲ್ಲುವಂಥ ಅಳತೆಯನ್ನು ಆರಿಸಿ. ಈ ಕ್ರಮ ಹಿಂದುಮುಂದಾದರೆ ಯಂತ್ರ ಕೆಟ್ಟುಹೋಗುತ್ತದೆ.

ನೀವು ಮೈಕೆಲ್ ಜೋರ್ಡನ್ ಪಕ್ಷದವರಾದರೆ ಅಳತೆ ಸುಲಭ. ಆರು ಸಲ ಫೈನಲ್, ಆರೂ ಸಲ ಗೆಲುವು, ಆರೂ ಸಲ ಫೈನಲ್‌ನ ಶ್ರೇಷ್ಠ ಆಟಗಾರ. ಲೆಬ್ರಾನ್ ಹತ್ತು ಫೈನಲ್ ಆಡಿ ನಾಲ್ಕು ಗೆದ್ದವರು. ಆರು ಸೋಲು ಎಂದು ಬೆರಳು ಮಡಚಿ ಎಣಿಸಿ. ಲೆಬ್ರಾನ್ ಪಕ್ಷದವರು ತಕ್ಷಣ ಕೇಳುತ್ತಾರೆ: ‘ಫೈನಲ್‌ಗೆ ಹೋಗಿ ಸೋಲುವುದು, ಫೈನಲ್‌ಗೇ ಹೋಗದಿರುವುದಕ್ಕಿಂತ ಹೇಗೆ ಕೀಳು?’ ಈ ಪ್ರಶ್ನೆಗೆ ಉತ್ತರ ಕೊಡಬೇಡಿ, ದನಿ ಏರಿಸಿ.

ಎಚ್ಚರ: ಚಾಂಪಿಯನ್‌ಗಳ ಉಂಗುರವೊಂದೇ ಅಳತೆಯೆಂದು ಹಟ ಹಿಡಿದರೆ ಹನ್ನೊಂದು ಗೆದ್ದ ಬಿಲ್ ರಸೆಲ್‌ರಿಗೆ ಅಡ್ಡಬೀಳಬೇಕಾಗುತ್ತದೆ. ಅದಕ್ಕೂ ಸಿದ್ಧರಿದ್ದೀರಿ ಎಂದುಕೊಳ್ಳೋಣ. ಆದರೆ ಮೂರು ತಂಡಗಳಲ್ಲಿ ಏಳು ಉಂಗುರ ಗಳಿಸಿದ ರಾಬರ್ಟ್ ಹೋರಿ ಜೋರ್ಡನ್‌ಗಿಂತ ದೊಡ್ಡವರೆಂದು ಒಪ್ಪಲು ಹೋರಿಯೂ ಸಿದ್ಧರಿರಲಿಕ್ಕಿಲ್ಲ. ಜತೆಗಾರರ ಅಂಕಕ್ಕೆ ನೆರವಾದ 15,806 ಪಾಸ್‌ಗಳ, ಅಂದರೆ ಅಸಿಸ್ಟ್‌ಗಳ, ಜಾನ್ ಸ್ಟಾಕ್‌ಟನ್‌ರ ಬೆರಳಲ್ಲಿ ಒಂದೂ ಉಂಗುರವಿಲ್ಲ.

ಹಾಗಾದರೆ ಅಂಕಗಳನ್ನು ಹಿಡಿಯೋಣವೇ? 2023ರ ಫೆಬ್ರುವರಿ 7ರಂದು ಕರೀಮ್ ಅಬ್ದುಲ್-ಜಬ್ಬಾರ್‌ರ 38,387 ಅಂಕಗಳ ದಾಖಲೆಯನ್ನು ಲೆಬ್ರಾನ್ ದಾಟಿದರು. ಎದುರಾಳಿ ಅಲ್ಲಿಗೆ ಸುಮ್ಮನಾಗುವುದಿಲ್ಲ, 1962ಕ್ಕೆ ಹೋಗುತ್ತಾನೆ. ಆ ವರ್ಷ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿ ಎಂಬ ಊರಿನಲ್ಲಿ ವಿಲ್ಟ್ ಚೇಂಬರ್ಲಿನ್ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದರು. ಆ ಪಂದ್ಯದ ವಿಡಿಯೊ ಇಲ್ಲ. ವಾದಕ್ಕೆ ಇದಕ್ಕಿಂತ ಅನುಕೂಲ ಬೇರೇನಿದೆ? ನೀವು ‘ಆಗಿನ ಡಿಫೆಂಡರ್‌ಗಳು ಬೇಸಿಗೆಯಲ್ಲಿ ಬೇರೆ ನೌಕರಿ ಮಾಡಿ ಹೊಟ್ಟೆ ಹೊರೆಯುತ್ತಿದ್ದವರು’ ಎನ್ನಿ. ಅವನು ‘ಆಗ ಮೂರು ಅಂಕದ ಗೆರೆಯೇ ಇರಲಿಲ್ಲ’ ಎನ್ನಲಿ. ಇಬ್ಬರೂ ಹೇಳಿದ್ದು ನಿಜ. ನಿಜ ಹೇಳಿದವರ ಜಗಳ ಬೇಗ ಮುಗಿಯುವುದಿಲ್ಲ.

ಹಂತ 2: ಸಂಬಳ ಹೊಂದಿಸುವುದು

ಟ್ರೇಡ್ ಎಂಬುದು ನಮ್ಮಲ್ಲಿ ಜಾತಕ ಕೂಡಿಸಿದ ಹಾಗೆ. ಹುಡುಗ ಒಪ್ಪಿದ, ಹುಡುಗಿ ಒಪ್ಪಿದಳು, ಎರಡೂ ಮನೆಯವರು ಸೊಪ್ಪಿನ ಪಲ್ಯದವರೆಗೆ ಮಾತಾಡಿ ಮುಗಿಸಿದರು. ಗುಣ ಕೂಡಲಿಲ್ಲವೋ, ಸಂಬಂಧ ಮುರಿಯಿತು. ಇಲ್ಲಿ ಕೂಡಬೇಕಾದ್ದು ಸಂಬಳ.

2025-26ರ ಋತುವಿಗೆ ತಂಡವೊಂದರ ಸಂಬಳದ ಮಿತಿ 15.46 ಕೋಟಿ ಡಾಲರ್. ಇದು ಹೆಸರಿಗಷ್ಟೇ ಮಿತಿ, ಹೆಚ್ಚಿನ ತಂಡಗಳು ಇದನ್ನು ದಾಟಿಯೇ ಇರುತ್ತವೆ. ದಾಟಿದವರು ಟ್ರೇಡ್‌ನಲ್ಲಿ ಕಳಿಸುವ ಸಂಬಳಕ್ಕೂ ತರುವ ಸಂಬಳಕ್ಕೂ ತಾಳೆ ಹಾಕಬೇಕು. ಅದರಾಚೆ ಅಪ್ರನ್ ಎಂಬ ಎರಡು ಗೆರೆಗಳಿವೆ. ಮೊದಲನೆಯದನ್ನು ದಾಟಿದ ತಂಡ ತಾನು ಕಳಿಸಿದ್ದಕ್ಕಿಂತ ಒಂದು ಡಾಲರ್ ಕೂಡ ಹೆಚ್ಚಿಗೆ ತರುವಂತಿಲ್ಲ. 20.78 ಕೋಟಿಯ ಎರಡನೆಯದನ್ನು ದಾಟಿದರೆ, ಇಬ್ಬರು ಮೂವರ ಸಂಬಳ ಒಟ್ಟುಮಾಡಿ ಒಬ್ಬ ದುಬಾರಿ ತಾರೆಯನ್ನು ಕೊಳ್ಳುವ ದಾರಿಯೂ ಮುಚ್ಚಿತು. ದುಡ್ಡಿದ್ದವರೇ ತಾರೆಗಳನ್ನೆಲ್ಲ ಬಾಚಿಕೊಳ್ಳದಿರಲಿ ಎಂದು ಲೀಗ್ ಮತ್ತು ಆಟಗಾರರ ಸಂಘ 2023ರಲ್ಲಿ ಮಾಡಿಕೊಂಡ ಒಪ್ಪಂದದ ಫಲ ಇದು.

ಇದರ ಇನ್ನೊಂದು ಫಲ, ಅಭಿಮಾನಿಗಳು ಗುಮಾಸ್ತರಾದದ್ದು. ‘ಅವನು ಮೂವತ್ತು ಮಿಲಿಯನ್, ಮುಂದಿನ ವರ್ಷ ಮುಗೀತಾನೆ’ ಎಂಬ ಮಾತು ಕಿವಿಗೆ ಬಿದ್ದರೆ ಗಾಬರಿಯಾಗಬೇಡಿ. ಮುಗಿಯುವುದು ಒಪ್ಪಂದ, ಮನುಷ್ಯನಲ್ಲ. ಒಪ್ಪಂದ ಮುಗಿಯುತ್ತಿರುವವನಿಗೆ ಮಾರುಕಟ್ಟೆಯಲ್ಲಿ ವಿಶೇಷ ಬೆಲೆ: ಅವನು ಆಡುತ್ತಾನೆಂದಲ್ಲ, ತೊಲಗುತ್ತಾನೆಂದು.

ಹಂತ 3: ಪಿಕ್ ಸೇರಿಸುವುದು

ಸಂಬಳ ಕೂಡಿದರೂ ಎದುರು ತಂಡ ಒಪ್ಪದಿದ್ದರೆ ಪಿಕ್ ಸೇರಿಸಿ. 2031ರ ಮೊದಲ ಸುತ್ತಿನ ಪಿಕ್ ಎಂದರೆ ಈಗಿನ್ನೂ ಶಾಲೆಯಲ್ಲಿರುವ, ಯಾರೆಂದು ಯಾರಿಗೂ ಗೊತ್ತಿಲ್ಲದ ಹುಡುಗ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೋಡಿ ನಾವು ನಗುತ್ತೇವೆ. ಇಲ್ಲಿ ಕುಲಾವಿಯನ್ನೇ ಮಾರುತ್ತಾರೆ. ಅದಕ್ಕೊಂದು ಷರತ್ತು ಬೇರೆ: ಪಿಕ್ ಮೊದಲ ನಾಲ್ಕರೊಳಗೆ ಬಿದ್ದರೆ ನಮಗೇ ಇರಲಿ, ಆಚೆ ಬಿದ್ದರೆ ನಿಮಗೆ.

ಎಲ್ಲ ವರ್ಷದ ಪಿಕ್‌ಗಳನ್ನೂ ಒಟ್ಟಿಗೆ ಸುರಿಯಲು ಬರುವುದಿಲ್ಲ. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕರಾಗಿದ್ದ ಟೆಡ್ ಸ್ಟೆಪಿಯನ್ ಪಿಕ್‌ಗಳನ್ನು ದಾನ ಮಾಡಿದಂತೆ ಹಂಚಿದರು.  ಹೀಗಾಗಿ ಸತತ ಎರಡು ವರ್ಷ ಮೊದಲ ಸುತ್ತಿನ ಪಿಕ್ ಇಲ್ಲದಂತೆ ತಂಡವನ್ನು ಬರಿದುಮಾಡಬಾರದೆಂಬ ನಿಯಮ ಬಂತು. ಸ್ಟೆಪಿಯನ್ ಹೆಸರು ಇಂದಿಗೂ ಉಳಿದಿರುವುದು ಆ ನಿಯಮದಲ್ಲಿ.

ಎರಡನೇ ಸುತ್ತಿನ ಪಿಕ್‌ಗಳನ್ನು ಕೊಸರಿಗೆ ಹಾಕಿ. ತೂಕಕ್ಕೆ ಲೆಕ್ಕವಿಲ್ಲ. ಮೂರು ಸಲ ಲೀಗ್‌ನ ಶ್ರೇಷ್ಠ ಆಟಗಾರನೆನಿಸಿದ ನಿಕೊಲಾ ಯೋಕಿಚ್ 2014ರ ಡ್ರಾಫ್ಟ್‌ನಲ್ಲಿ 41ನೆಯವರಾಗಿ ಬಂದದ್ದು ಅಂಥದೊಂದು ಎರಡನೇ ಸುತ್ತಿನ ಪಿಕ್‌ನಲ್ಲೇ ಎಂಬುದನ್ನು ಆ ಹೊತ್ತಿಗೆ ಮರೆಯಿರಿ.

ಹಂತ 4: ಎದುರು ತಂಡದ ಪರವಾಗಿ ಒಪ್ಪಿಗೆ ಕೊಡುವುದು

ಇದು ಯಂತ್ರದ ಅತ್ಯಂತ ಸೂಕ್ಷ್ಮ ಭಾಗ. ಡಲ್ಲಾಸ್ ಪಕ್ಕದ ಫ್ರಿಸ್ಕೋ, ಪ್ಲೇನೋಗಳಲ್ಲಿ ನೆಲೆಸಿ ಕನ್ನಡದಲ್ಲೇ ಇದನ್ನು ಬಳಸುವವರ ಅನುಕೂಲಕ್ಕೆ ಒಂದು ಮಾದರಿ:

‘ಡೆನ್ವರ್‌ನವರು ಯೋಕಿಚ್‌ನ ಕೊಡ್ತಾರೆ ಕಣೋ.’

‘ಯಾಕ್ ಕೊಡ್ತಾರೆ ಮಗಾ?’

‘ನಮಗೆ ಬೇಕಲ್ಲ!’

ಇಷ್ಟು ಸಾಕು. ಎದುರು ತಂಡದ ಜನರಲ್ ಮ್ಯಾನೇಜರ್ ಸ್ವಲ್ಪ ದಡ್ಡ, ಸಾಲದ್ದಕ್ಕೆ ನಿಮ್ಮ ಹಿತೈಷಿ ಎಂದುಕೊಂಡರೆ ಉಳಿದದ್ದು ತಾನಾಗಿ ಕೂಡಿಬರುತ್ತದೆ. ಪೆಟ್ಟಿಗೆಯಲ್ಲಿದ್ದ ಚೀಟಿ ಅಂಟಿಸಿದ ಆಟಗಾರರನ್ನು ಬಳಸಬೇಕಾದದ್ದು ಈಗಲೇ.

ದೋಷ ನಿವಾರಣೆ

*ತೊಂದರೆ: ಟ್ರೇಡ್‌ನಲ್ಲಿ ಯಾವ ತಂಡ ಗೆದ್ದಿತೆಂದು ಯಂತ್ರ ಹೇಳುತ್ತಿಲ್ಲ.*
ಪರಿಹಾರ: ಕಾಯಿರಿ. 2019ರಲ್ಲಿ ಕ್ಲಿಪರ್ಸ್ ತಂಡ ಪಾಲ್ ಜಾರ್ಜ್‌ರಿಗಾಗಿ ಓಕ್ಲಹೋಮ ಸಿಟಿಗೆ ಐದು ಮೊದಲ ಸುತ್ತಿನ ಪಿಕ್‌ಗಳ ಜತೆ ಶೇ ಗಿಲ್ಜಸ್-ಅಲೆಕ್ಸಾಂಡರ್ ಎಂಬ ಹುಡುಗನನ್ನೂ ಕೊಟ್ಟಿತು. 2025ರಲ್ಲಿ ಆ ಹುಡುಗ ಲೀಗ್‌ನ ಶ್ರೇಷ್ಠ ಆಟಗಾರ, ಓಕ್ಲಹೋಮ ಚಾಂಪಿಯನ್. ಪಾಲ್ ಜಾರ್ಜ್ ಅಷ್ಟರಲ್ಲಿ ಒಪ್ಪಂದ ಮುಗಿಸಿ ಕ್ಲಿಪರ್ಸ್‌ಗೆ ಕೈಬೀಸಿ ಹೊರಟಾಗಿತ್ತು. ಬಾಸ್ಟನ್‌ನದ್ದೂ ಇದೇ ಕಥೆ: 2013ರಲ್ಲಿ ಮೂವತ್ತೈದು ಮುಟ್ಟಿದ್ದ ಗಾರ್ನೆಟ್, ಪಿಯರ್ಸ್‌ರನ್ನು ಬ್ರೂಕ್ಲಿನ್‌ಗೆ ಕಳಿಸಿ ಪಡೆದ ಪಿಕ್‌ಗಳ ಹಾದಿಯಲ್ಲಿ ಜೇಲನ್ ಬ್ರೌನ್, ಜೇಸನ್ ಟೇಟಮ್ ಬಂದರು, ಪ್ರಶಸ್ತಿ ಬಂದದ್ದು 2024ರಲ್ಲಿ.

*ತೊಂದರೆ: ಎಲ್ಲರೂ ಒಪ್ಪಿದರೂ ಟ್ರೇಡ್ ನಡೆಯಲಿಲ್ಲ.*
ಪರಿಹಾರ: 2011ರ ಡಿಸೆಂಬರ್‌ನಲ್ಲಿ ಕ್ರಿಸ್ ಪಾಲ್ ಲೇಕರ್ಸ್ ತಂಡಕ್ಕೆ ಹೋಗುವುದು ಗೊತ್ತಾಗಿತ್ತು. ಆಗ ನ್ಯೂ ಆರ್ಲಿಯನ್ಸ್ ತಂಡ ಲೀಗ್‌ನದೇ ಸ್ವತ್ತು. ಕಮಿಷನರ್ ಡೇವಿಡ್ ಸ್ಟರ್ನ್ ಬೇಡವೆಂದರು. ಲೇಕರ್ಸ್ ಅಭಿಮಾನಿಗಳ ಯಂತ್ರ ಇನ್ನೂ ಆ ಸದ್ದು ಮಾಡುತ್ತದೆ. ರಿಪೇರಿ ಸಾಧ್ಯವಿಲ್ಲ.

*ತೊಂದರೆ: ನಿಷ್ಠೆಯ ಆಟಗಾರನನ್ನು ಮಾರಿದ ಮೇಲೆ ಮನಸ್ಸಿಗೆ ಕಸಿವಿಸಿ.*
ಪರಿಹಾರ: ಪ್ರಶಸ್ತಿ ಬಂದರೆ ಹೋಗುತ್ತದೆ. ಒಂಬತ್ತು ಋತು ಆಡಿ ಟೊರೊಂಟೋವನ್ನೇ ಊರೆಂದುಕೊಂಡಿದ್ದ ಡಿಮಾರ್ ಡಿರೋಜನ್‌ರನ್ನು 2018ರಲ್ಲಿ ಕೊಟ್ಟು ಕವಾಯ್ ಲೆನರ್ಡ್‌ರನ್ನು ತಂದರು. 2019ರಲ್ಲಿ ಕಪ್ ಬಂತು. ಕವಾಯ್ ಆ ಬೇಸಿಗೆಯಲ್ಲೇ ಹೊರಟರು. ಟೊರೊಂಟೋದಲ್ಲಿ ಇಬ್ಬರ ಮೇಲೂ ಮುನಿಸಿಲ್ಲ.

ಅಪಾಯ: ಈ ಭಾಗವನ್ನು ಕಡ್ಡಾಯವಾಗಿ ಓದಿ

2025ರ ಫೆಬ್ರುವರಿ 1, ಡಲ್ಲಾಸ್‌ನಲ್ಲಿ ಶನಿವಾರ ರಾತ್ರಿ ಹನ್ನೊಂದು ದಾಟಿದೆ. ಬೆಂಗಳೂರಿನಲ್ಲಿ ಭಾನುವಾರ ಬೆಳಗಿನ ಹತ್ತೂವರೆ. ಇಎಸ್‌ಪಿಎನ್ ವರದಿಗಾರ ಶಮ್ಸ್ ಚರಾನಿಯಾ ಒಂದು ಸುದ್ದಿ ಹಾಕಿದರು: ಡಲ್ಲಾಸ್‌ನ ಲೂಕಾ ಡಾನ್ಚಿಚ್ ಲೇಕರ್ಸ್‌ಗೆ, ಆಂಥನಿ ಡೇವಿಸ್ ಡಲ್ಲಾಸ್‌ಗೆ. ಓದಿದವರು ಮೊದಲು ಮಾಡಿದ್ದು, ಚರಾನಿಯಾರ ಖಾತೆಯನ್ನು ಯಾರೋ ಕದ್ದಿದ್ದಾರೆಂದು ನಗಾಡಿದ್ದು. ಸುದ್ದಿ ನಿಜವೆಂದು ಅವರು ಇನ್ನೊಮ್ಮೆ ಹೇಳಬೇಕಾಯಿತು.

ಲೂಕಾಗೆ ಆಗ 25 ವರ್ಷ. ಸತತ ಐದು ವರ್ಷ ಲೀಗ್‌ನ ಶ್ರೇಷ್ಠ ಐವರಲ್ಲಿ ಒಬ್ಬ. ಹಿಂದಿನ ಬೇಸಿಗೆಯಷ್ಟೇ ತಂಡವನ್ನು ಫೈನಲ್‌ಗೆ ಒಯ್ದಿದ್ದವರು. ಬದಲಿಗೆ ಬಂದದ್ದು 31ರ ಡೇವಿಸ್, ಯುವಕ ಮ್ಯಾಕ್ಸ್ ಕ್ರಿಸ್ಟಿ, 2029ರ ಒಂದೇ ಒಂದು ಮೊದಲ ಸುತ್ತಿನ ಪಿಕ್. ಅದರ ಹಿಂದಿನ ವರ್ಷ, ಆಲ್‌ಸ್ಟಾರ್ ಪಂದ್ಯವನ್ನು ಒಮ್ಮೆಯೂ ಆಡಿರದ ಮಿಕಾಲ್ ಬ್ರಿಜಸ್‌ರಿಗೆ ನ್ಯೂಯಾರ್ಕ್ ತಂಡ ಅಂಥ ಐದು ಪಿಕ್ ಕೊಟ್ಟಿತ್ತು. ಡಲ್ಲಾಸ್‌ನ ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್ ಮಾತು ಶುರುಮಾಡಿದ್ದು ಲೇಕರ್ಸ್‌ನ ರಾಬ್ ಪೆಲಿಂಕಾ ಜತೆ ಕಾಫಿಗೆ ಕುಳಿತು. ಬೇರೆ ತಂಡಗಳನ್ನು ಕರೆದು ಬೆಲೆ ಏರಿಸುವ ಗೋಜಿಗೂ ಹೋಗಲಿಲ್ಲ. ಚಾಂಪಿಯನ್ ಆಗಲು ಡಿಫೆನ್ಸ್ ಬೇಕೆಂಬುದು ಅವರ ಸಮಜಾಯಿಷಿ.

ಈ ಕೈಪಿಡಿಯ ನಾಲ್ಕೂ ಹಂತಗಳನ್ನು ಹ್ಯಾರಿಸನ್ ತಪ್ಪದೆ ಪಾಲಿಸಿದ್ದರು. ತಮಗೆ ಬೇಕಾದ ಅಳತೆ ಹಿಡಿದರು, ಸಂಬಳ ಕೂಡಿಸಿದರು, ಪಿಕ್ ಸೇರಿಸಿಕೊಂಡರು. ಎದುರು ತಂಡದ ಒಪ್ಪಿಗೆಯಂತೂ ಕೇಳುವುದೇ ಬೇಡ. ಆದರೂ ಡಲ್ಲಾಸ್ ಕ್ರೀಡಾಂಗಣದ ಮುಂದೆ ಜನ ಹೂವಿಟ್ಟರು, ಶವಪೆಟ್ಟಿಗೆ ತಂದರು, ಒಳಗೆ ಪಂದ್ಯ ನಡೆಯುವಾಗ ನಿಕೊನನ್ನು ಕಿತ್ತುಹಾಕಿ ಎಂದು ಕೂಗಿದರು. ಡೇವಿಸ್ ಮೊದಲ ಪಂದ್ಯದಲ್ಲೇ ಗಾಯಗೊಂಡರು. ಏಪ್ರಿಲ್‌ನಲ್ಲಿ ಲೂಕಾ ಲೇಕರ್ಸ್ ಅಂಗಿಯಲ್ಲಿ ಡಲ್ಲಾಸ್‌ಗೆ ಬಂದು 45 ಅಂಕ ಗಳಿಸಿದಾಗ ಚಪ್ಪಾಳೆ ತಟ್ಟಿದ್ದು ಡಲ್ಲಾಸ್‌ನವರೇ. ನವೆಂಬರ್‌ನಲ್ಲಿ ಹ್ಯಾರಿಸನ್ ಕೆಲಸ ಹೋಯಿತು.

ಈಗ ಅಭಿಮಾನಿಯ ಯಂತ್ರದ ಕಡೆ ನೋಡಿ. ಅದು ಅಡ್ಡಾದಿಡ್ಡಿ, ಆಸೆಬುರುಕ, ಪರರ ತಂಡವನ್ನು ಹಾಡಹಗಲೇ ದೋಚುವಂಥದ್ದು. ಆದರೆ ಅದರಿಂದ ಸಾವಿರ ಸಲ ಟ್ರೇಡ್ ಮಾಡಿಸಿದರೂ ಡಲ್ಲಾಸ್‌ನ ಅಭಿಮಾನಿ ಲೂಕಾ ಹೆಸರನ್ನು ಅದಕ್ಕೆ ಹಾಕುತ್ತಿರಲಿಲ್ಲ. ಅವನ ಲೆಕ್ಕ ಶುರುವಾಗುವುದೇ ಯಾರನ್ನು ಕೊಡುವುದಿಲ್ಲ ಎಂಬಲ್ಲಿಂದ. ಕಚೇರಿಯ ಲೆಕ್ಕದಲ್ಲಿ ಆ ಕಲಂ ಇಲ್ಲ. ಅಲ್ಲಿ ಎಲ್ಲರಿಗೂ ಒಂದು ಬೆಲೆ ಇದ್ದೇ ಇರುತ್ತದೆ. ಒಬ್ಬ ಆಟಗಾರ ಊರಿಗೆ ಏನಾಗಿದ್ದಾನೆ ಎಂಬುದು ತಂಡದ ಬಂಡವಾಳವೇ. ಅದನ್ನು ತಿಳಿಯಲು ಸಂಬಳ ಪಡೆಯುವ ತಜ್ಞ ಬೇಕಾಗಿಲ್ಲ, ಟಿಕೆಟ್ ಕೊಂಡವನನ್ನು ಕೇಳಿದರೆ ಸಾಕು.

ವಾರಂಟಿ

ಈ ಯಂತ್ರವನ್ನು ಯಾವ ತಂಡಕ್ಕೂ ಜೋಡಿಸಿಲ್ಲ. ಸುರಕ್ಷತೆಗೆ ಅದೇ ಕಾರಣ. ನೀವು ಬೆಳಗಿನ ಜಾವದವರೆಗೆ ಕೂತು ಅರ್ಧ ಲೀಗನ್ನು ಆಚೀಚೆ ಮಾಡಿದರೂ ಯಾವ ಆಟಗಾರನೂ ಮನೆ ಖಾಲಿ ಮಾಡಬೇಕಾಗಿಲ್ಲ, ಯಾರ ಮಕ್ಕಳೂ ಶಾಲೆ ಬದಲಿಸಬೇಕಾಗಿಲ್ಲ.

2025ರ ಮೇ ತಿಂಗಳಲ್ಲಿ ಡಲ್ಲಾಸ್ ಕೇವಲ ಶೇ 1.8ರ ಅವಕಾಶದಲ್ಲಿ, ಮೊದಲ ಪಿಕ್ ಯಾರಿಗೆಂದು ನಿರ್ಧರಿಸುವ ಡ್ರಾಫ್ಟ್ ಲಾಟರಿ ಗೆದ್ದು, ಕೂಪರ್ ಫ್ಲಾಗ್ ಎಂಬ ಹದಿಹರೆಯದ ಹುಡುಗನನ್ನು ಪಡೆಯಿತು. ಇದನ್ನು ದುರಸ್ತಿ ಎಂದು ಭಾವಿಸಿ ಯಾರೂ ನಮ್ಮಲ್ಲಿ ಹಕ್ಕು ಕೇಳಬಾರದು. ಅದು ಬರೀ ಅದೃಷ್ಟ, ವಾರಂಟಿಯಲ್ಲಿ ಬರುವುದಿಲ್ಲ.

ಮುಂದಿನ ಆವೃತ್ತಿಯಲ್ಲಿ ಒಂದು ತಿದ್ದುಪಡಿ ಇರುತ್ತದೆ. ಫ್ಲಾಗ್‌ರ ಹೆಸರು ಒತ್ತಿದ ತಕ್ಷಣ ಡಲ್ಲಾಸ್‌ನಲ್ಲಿ ಮಾರಾಟವಾಗುವ ಯಂತ್ರಗಳು ತಾವಾಗಿಯೇ ಆರಿಹೋಗುವಂತೆ ವ್ಯವಸ್ಥೆ ಮಾಡಲಾಗುತ್ತಿದೆ. ಅಭಿಮಾನಿಗಳಿಗೆ ಈ ಸೌಲಭ್ಯ ಅನಗತ್ಯವೆಂದು ಗೊತ್ತು. ತಂಡದ ಕಚೇರಿಯಿಂದಲೂ ಆರ್ಡರ್ ಬರಬಹುದೆಂಬ ಮುನ್ನೆಚ್ಚರಿಕೆ, ಅಷ್ಟೆ.