ಹಿರೇಕೆರೂರಿನ ಅದಲು ಬದಲು

(ಹಿರೇಕೆರೂರಿನ ಚಹಾದಂಗಡಿ. ಮಿರ್ಚಿ ಬಜಿ ಇನ್ನೂ ಎಣ್ಣ್ಯಾಗ ಐತಿ. ರಾಜಕೀಯ ಆಗಲೇ ಕುದ್ದೈತಿ.)

ಮಂಜ್ಯಾ: ಕಾಕಾ, 2018ರಾಗ ನಮ್ಮಲ್ಲಿ ಯಾರ್ಯಾರು ನಿಂತಿದ್ರು?

ಕಾಕಾ: ಕಾಂಗ್ರೆಸ್ಸಿನ್ಯಾಗ ಬಿ.ಸಿ. ಪಾಟೀಲ್ರು, ಬಿಜೆಪ್ಯಾಗ ಯು.ಬಿ. ಬಣಕಾರ್ರು. ಪಾಟೀಲ್ರು 555 ಓಟಿನಿಂದ ಗೆದ್ರು.

ಮಂಜ್ಯಾ: 2023ರಾಗ?

ಕಾಕಾ: ಬಿಜೆಪ್ಯಾಗ ಪಾಟೀಲ್ರು, ಕಾಂಗ್ರೆಸ್ಸಿನ್ಯಾಗ ಬಣಕಾರ್ರು. ಬಣಕಾರ್ರು ಗೆದ್ರು.

ಮಂಜ್ಯಾ: ಅಂದ್ರ ಎರಡೂ ಸಲ ಕಾಂಗ್ರೆಸ್ಸ!

ಕಾಕಾ: ಹೂಂ. ಪಕ್ಷ ನಿಂತಲ್ಲೇ ನಿಂತಿತ್ತು, ಮಂದಿ ಅಡ್ಡಾಡಿದ್ರು. 2019ರ ಉಪಚುನಾವಣ್ಯಾಗಂತೂ ಪಾಟೀಲ್ರೂ ಬಿಜೆಪಿ, ಬಣಕಾರ್ರೂ ಬಿಜೆಪಿ. ಬೈಯಾಕ ಯಾರೂ ಉಳೀಲಿಲ್ಲ ನನಗ. ಬಾಯಿ ಜಡ್ಡು ಹಿಡೀತು.

ಮಂಜ್ಯಾ: ಹಾನಗಲ್ಲಿನವ್ರು ಸುಖಿ. 1978ರಿಂದ 2018ರ ತನಕ ಮನೋಹರ ತಹಶೀಲ್ದಾರ, ಇಲ್ಲಾ ಸಿ.ಎಂ. ಉದಾಸಿ.

ಕಾಕಾ: ಏನ್ ಸುಖಾನೋ! ಉದಾಸಿಯವ್ರು 1983ರಾಗ ಪಕ್ಷೇತರ, 1985ರಾಗ ಜನತಾ, 2004ರಾಗ ಬಿಜೆಪಿ, 2013ರಾಗ ಕೆಜೆಪಿ. ಮಾರಿ ಅದ, ಚಿಹ್ನೆ ಬ್ಯಾರೆ. ಕಣ್ಣು ಕಾಣದ ಮುದುಕಿ ಎಲ್ಲಿ ಒತ್ತಬೇಕು?

ಮಂಜ್ಯಾ: ಶಿಗ್ಗಾಂವಿ-ಸವಣೂರಿಂದು?

ಕಾಕಾ: ಬಸವರಾಜ ಬೊಮ್ಮಾಯಿಯವ್ರು 2008ರಿಂದ ನಾಕು ಸಲ. 2024ರಾಗ ಲೋಕಸಭಾಕ್ಕ ಹೋದ್ರು, ಖಾಲಿಯಾದ ಜಾಗಕ್ಕ ಉಪಚುನಾವಣ್ಯಾಗ ಮಗ ಭರತ್ ನಿಂತ್ರು.

ಮಂಜ್ಯಾ: ವಾರಸಾ ಹಚ್ಚಿದ್ರು ಅನ್ರಿ.

ಕಾಕಾ: ಹಚ್ಚಿದ್ರು. ಓಟುದಾರ್ರು ತಕರಾರು ಅರ್ಜಿ ಹಾಕಿದ್ರು. ಕಾಂಗ್ರೆಸ್ಸಿನ ಯಾಸೀರ್ ಅಹ್ಮದ್ ಖಾನ್ ಪಠಾಣ ಗೆದ್ರು.

ಮಂಜ್ಯಾ: ಅದಿರ್ಲಿ, ನಿಮ್ಮ ಪಕ್ಷ ಯಾವ್ದು?

ಕಾಕಾ: ಟ್ರಂಕಿನ್ಯಾಗ ಎರಡೂ ಶಾಲು ಅದಾವು. ಯಾರ್ ಬರಾಕತ್ತ್ಯಾರ, ಮೊದಲ ಅದನ್ನ ಹೇಳು.